ಆಳುವವರಿಗಾಗಿ ಹನ್ನೊಂದು ನಿಮಿಷ

ಜನವರಿ ೯

ಪ್ರಾರ್ಥನಾ ಮಂದಿರಗಳ ಮೇಲ್ವಿಚಾರಣಾ ಇಲಾಖೆಯ ಶಾಖಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಹದಿನಾಲ್ಕನೆಯ ಸುತ್ತೋಲೆ ನಮ್ಮ ಚರ್ಚಿಗೆ ಮೊನ್ನೆ ಮಂಗಳವಾರ ತಲುಪಿತು. ಪಾದ್ರಿಗಳು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿ, ಆಮೇಲೆ ಬಿಸಿ ಪಾತ್ರೆ ದಾಟಿಸುವ ಹಾಗೆ ನನ್ನ ಕೈಗೆ ದಾಟಿಸಿದರು. ಭಾನುವಾರದ ಆರಾಧನೆಯಲ್ಲಿ ಎಲ್ಲರ ಪರವಾಗಿ ಪ್ರಾರ್ಥನೆ ಓದುವವಳು ನಾನು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ದನಿ ಇನ್ನೂ ಹಿಂದಿನ ಬೆಂಚಿನವರೆಗೆ ಮುಟ್ಟುತ್ತದೆ ಎಂಬ ಕಾರಣಕ್ಕೆ ಈ ಕೆಲಸ ನನ್ನ ಪಾಲಿಗೆ ಬಂದಿದೆ.

ನಾಡನ್ನು ಆಳುವವರಿಗಾಗಿ ನಾವು ಪ್ರಾರ್ಥಿಸುವುದು ಹೊಸದಲ್ಲ. "ಕರ್ತನೇ, ನಮ್ಮನ್ನು ಆಳುವವರಿಗೆ ಒಳ್ಳೆಯ ಬುದ್ಧಿ ಕೊಡು" ಎಂದು ಪ್ರತಿ ವಾರ ಕೇಳುತ್ತಲೇ ಬಂದಿದ್ದೇವೆ. ಯಾರು ಗೆದ್ದರೂ ಯಾರು ಸೋತರೂ ಅದನ್ನು ಬದಲಾಯಿಸುವ ಅಗತ್ಯ ಬಿದ್ದಿರಲಿಲ್ಲ. ಈಗ ನೀವು ರಾಷ್ಟ್ರನಾಯಕರಿಂದ ಹಿಡಿದು ಉಪಸಚಿವರವರೆಗೆ ಮೂವತ್ತೊಂದು ಜನರನ್ನು ಬಿರುದು ಸಮೇತ, ಹಿರಿತನದ ಕ್ರಮದಲ್ಲಿ ಹೆಸರಿಸಿ ಪ್ರಾರ್ಥಿಸಬೇಕು ಎಂದಿದ್ದೀರಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಓದಿ ನೋಡಿದೆ. ಹನ್ನೊಂದು ನಿಮಿಷ ಹಿಡಿಯಿತು. ನಮ್ಮ ಪಾದ್ರಿಗಳ ಪ್ರಸಂಗವೇ ಹನ್ನೆರಡು ನಿಮಿಷ.

ಮೂರು ಅನುಮಾನಗಳಿವೆ. ಒಂದು, ನಾಲ್ಕು ಜನರ ಹೆಸರಿನ ಹಿಂದೆ "ಮಾನವಕುಲದ ಮಿತ್ರ" ಎಂದಿದೆ. ಅದು ಬಿರುದೋ ಹುದ್ದೆಯೋ? ಎರಡು, ಅವರಿಗಾಗಿ ಏನನ್ನು ಕೇಳಬೇಕು ಎಂಬುದು ಎಲ್ಲೂ ಇಲ್ಲ. ಮೂರು, "ಪ್ರಾರ್ಥಿಸತಕ್ಕದ್ದು" ಎಂಬಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ. ಈ ಸುತ್ತೋಲೆಗೆ ಸಹಿ ಹಾಕಿದವರಿಗೆ ಮೂರನೆಯ ತರಗತಿಯಿಂದಲೂ ಒತ್ತಕ್ಷರ ನುಂಗುವ ಅಭ್ಯಾಸವಿದೆ. ಅವರ ಕಾಪಿ ಪುಸ್ತಕ ತಿದ್ದುತ್ತಿದ್ದವಳು ನಾನೇ.

ಇಂತಿ ನಿಮ್ಮ ವಿಶ್ವಾಸಿ,
ಪ್ರಾರ್ಥನೆ ಓದುವವಳು


ಜನವರಿ ೨೧

ಉಲ್ಲೇಖ: ನಿಮ್ಮ ಪತ್ರ (ಸಂಖ್ಯೆ ಇಲ್ಲದ್ದು)

ಮಾನ್ಯರೇ,

ನಿಮ್ಮ ಅನುಮಾನಗಳಿಗೆ ಈ ಮೂಲಕ ತಿಳಿಸುವುದೇನೆಂದರೆ: "ಮಾನವಕುಲದ ಮಿತ್ರ" ಬಿರುದಾಗಿರುತ್ತದೆ. ಪ್ರಾರ್ಥನೆಯಲ್ಲಿ ಕೇಳಬೇಕಾದದ್ದು ಆರೋಗ್ಯ, ದೀರ್ಘಾಯುಷ್ಯ ಹಾಗೂ ಯೋಜನೆಗಳ ಸಕಾಲಿಕ ಮುಕ್ತಾಯ. ಮೂರನೆಯ ಅಂಶವನ್ನು ಗಮನಿಸಲಾಗಿದೆ. ಆರನೆಯ ಕಲಮಿನಂತೆ ಪಟ್ಟಿಯಿಂದ ಯಾವ ಹೆಸರನ್ನೂ ಕೈಬಿಡಕೂಡದು ಎಂಬುದನ್ನು ಮತ್ತೊಮ್ಮೆ ನೆನಪಿಸಲಾಗಿದೆ.

ನಿಮ್ಮ ವಿಶ್ವಾಸಿ,
ಶಾಖಾಧಿಕಾರಿ

ಅಕ್ಕ, ಇದನ್ನು ಲಕೋಟೆ ಅಂಟಿಸುವ ಮೊದಲು ಕೈಯಲ್ಲಿ ಬರೆಯುತ್ತಿದ್ದೇನೆ. ಕಚೇರಿ ವಿಳಾಸಕ್ಕೆ ಬರೆಯಬೇಡ. ಇಲ್ಲಿ ಪ್ರತಿ ಕಾಗದವನ್ನೂ ಮೂವರು ಒಡೆದು ನೋಡುತ್ತಾರೆ. ಕಾಪಿ ಪುಸ್ತಕದ ಸಾಲು ಓದಿ ಟೈಪಿಸ್ಟ್ ಇಡೀ ಮಧ್ಯಾಹ್ನ ನಕ್ಕಳು. ಬರೆಯುವುದಾದರೆ ಮನೆಗೆ ಬರೆ. ವಿಳಾಸ ಹಳೆಯದೇ. ನಿನ್ನ ಮೊಣಕಾಲು ಹೇಗಿದೆ?

ತಮ್ಮ


ಫೆಬ್ರುವರಿ ೧೦

ತಮ್ಮಾ,

ಮೊಣಕಾಲು ನಾಲ್ಕು ವರ್ಷದಿಂದ ನೋಯುತ್ತಿದೆ. ನೀನು ಕೇಳಿದ್ದು ಈಗ. ಅಮ್ಮನ ಮಣ್ಣಿಗೆ ನೀನು ಬರದೆ, ಕಚೇರಿಯ ಕಾರಿನಲ್ಲಿ ಹೂವಿನ ಚಕ್ರ ಕಳಿಸಿದೆಯಲ್ಲ, "ಇಲಾಖೆಯ ಪರವಾಗಿ" ಎಂದು ರಿಬ್ಬನ್ ಕಟ್ಟಿದ್ದು, ಅವತ್ತು ಆ ಡ್ರೈವರನಿಗೆ ದಾರಿ ತೋರಿಸಲು ಓಡಿ ಮೆಟ್ಟಿಲಲ್ಲಿ ಜಾರಿದ್ದು. ರಿಬ್ಬನ್ ಚೆನ್ನಾಗಿತ್ತು. ಕಿಟಕಿಯ ಪರದೆ ಕಟ್ಟಲು ಬಳಸುತ್ತಿದ್ದೇನೆ. ಆ ವಿಷಯ ಇಲ್ಲಿಗೆ ಸಾಕು.

ನಿನ್ನ ಪಟ್ಟಿಯ ವಿಷಯಕ್ಕೆ ಬರೋಣ. ಮೊದಲ ಎರಡು ಭಾನುವಾರ ಸುಮ್ಮನೆ ಓದಿದೆ. ನಮ್ಮ ಸಭೆಯೆಂದರೆ ನಲವತ್ತು ಜನ, ಅದರಲ್ಲಿ ಎಂಟು ಜನಕ್ಕೆ ಕಿವಿ ಕೇಳುವುದಿಲ್ಲ. ಅವರಷ್ಟೇ ನೆಮ್ಮದಿಯಾಗಿದ್ದರು. ಬೇಕರಿಯವನು ಒಲೆಯಲ್ಲಿ ಬ್ರೆಡ್ಡು ಇಟ್ಟು ಬರುವವನು. ಹದಿನೆಂಟನೆಯ ಹೆಸರಿಗೆ ಎದ್ದು ಓಡಿದ.

ಮೂರನೆಯ ವಾರ ಎಡವಟ್ಟಾಯಿತು. ಶನಿವಾರ ಸಂಜೆ ರೇಡಿಯೋದಲ್ಲಿ ನಿಮ್ಮ ಕುಡಿಯುವ ನೀರಿನ ಸಚಿವರನ್ನು ಹಿಡಿದು ಒಳಗೆ ಹಾಕಿದರು ಎಂದು ಬಂತು. ಇನ್ನೂರು ಮೈಲಿ ಪೈಪು ಕಾಗದದ ಮೇಲೆ ಮಾತ್ರ ಇತ್ತಂತೆ. ಪಟ್ಟಿಯಲ್ಲಿ ಅವರು ಏಳನೆಯವರು, ಮಾನವಕುಲದ ಮಿತ್ರರು. ಆರನೆಯ ಕಲಮಿನಂತೆ ಕೈಬಿಡುವ ಹಾಗಿಲ್ಲ. ಹಾಗಾಗಿ ಅವರ ಆರೋಗ್ಯ, ದೀರ್ಘಾಯುಷ್ಯ, ಯೋಜನೆಗಳ ಸಕಾಲಿಕ ಮುಕ್ತಾಯಕ್ಕಾಗಿ ಬೇಡಿಕೊಂಡೆ. ಮುಂದೆ ಸೆರೆಮನೆಯಲ್ಲಿರುವವರಿಗಾಗಿ ಪ್ರಾರ್ಥಿಸುವಾಗ ಅಲ್ಲೂ ಅವರ ಹೆಸರು ಹೇಳಿದೆ. ನಲ್ಲಿ ರಿಪೇರಿಯವನಿಗೆ ಕೆಮ್ಮು ತಡೆಯಲಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಪಾದ್ರಿಗಳು ಹತ್ತಿರ ಬಂದು ಮೆಲ್ಲಗೆ, "ಅಕ್ಕ, ಎರಡನೇ ಸಲ ಹೇಳೋದು ಬೇಕಿತ್ತಾ?" ಎಂದರು.

"ಬೇಕಿದ್ದದ್ದೇ ಅದು ಪಾದ್ರಿಗಳೇ. ಮೊದಲನೇದು ಸುತ್ತೋಲೆಗೆ" ಎಂದೆ.

ಮುಂದಿನ ವಾರದಿಂದ ಹಿಂದಿನ ಬೆಂಚಿನಲ್ಲಿ ಒಬ್ಬ ಮನುಷ್ಯ ಬಂದು ಕೂರುತ್ತಿದ್ದಾನೆ. ಮಧ್ಯವಯಸ್ಸು, ಕಂದು ಕೋಟು, ಮಡಿಲಲ್ಲಿ ನೋಟ್‌ಬುಕ್ಕು. ನಾವು ಎದ್ದರೆ ಏಳುತ್ತಾನೆ, ನಾವು ಕೂತಾಗ ಅರ್ಧ ಕ್ಷಣ ತಡವಾಗಿ ಕೂರುತ್ತಾನೆ. ಜಿಲ್ಲಾ ಕಚೇರಿಯವರು ವರದಿ ಬರೆಯಲು ಕಳಿಸಿದ್ದಂತೆ. ಊರಿನವರು ಅವನಿಗೆ ಪೆನ್ಸಿಲಣ್ಣ ಎಂದು ಹೆಸರಿಟ್ಟಿದ್ದಾರೆ. ನಿನ್ನೆ ಬಾಗಿಲಲ್ಲಿ ನನ್ನನ್ನು ತಡೆದು, "ಅಮ್ಮಾ, ಕೃಷಿ ಸಚಿವರ ಹತ್ತಿರ ಸ್ವಲ್ಪ ನಿಧಾನ ಓದ್ತೀರಾ, ಬರ್ಕೊಳ್ಳೋಕೆ ಆಗ್ತಿಲ್ಲ" ಎಂದು ಕೇಳಿಕೊಂಡ. ಪಾಪ, ಒಳ್ಳೆಯವನು.

ಅಕ್ಕ


ಫೆಬ್ರುವರಿ ೨೦

ಅಕ್ಕನಿಗೆ,

ರಿಬ್ಬನ್ನಿನ ವಿಷಯ ಓದಿದೆ. ಆಗ ರಜೆ ಸಿಗಲಿಲ್ಲ ಎಂದು ಅಂದೇ ಬರೆದಿದ್ದೆ.

ದಯವಿಟ್ಟು ಪಟ್ಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದು. ಒಂದಕ್ಷರ ಹೆಚ್ಚು ಬೇಡ, ಕಡಿಮೆ ಬೇಡ. ಇಲ್ಲಿ ನನ್ನ ಪಾಡು ನಿನಗೆ ಗೊತ್ತಿಲ್ಲ. ಒಂದು ತಿಂಗಳಲ್ಲಿ ಏಳು ತಿದ್ದುಪಡಿ ಹೊರಡಿಸಿದ್ದೇನೆ. ಸೋಮವಾರ ಒಬ್ಬರು ಸೇರುತ್ತಾರೆ, ಗುರುವಾರ ಅವರನ್ನು ಬಂಧಿಸುತ್ತಾರೆ, ಶುಕ್ರವಾರ ಅವರ ಭಾವಮೈದುನ ಅದೇ ಜಾಗಕ್ಕೆ ಬರುತ್ತಾರೆ. ಪಟ್ಟಿಯಲ್ಲಿ ಹೆಸರಿರುವುದು ಈಗ ರಾಜಧಾನಿಯಲ್ಲಿ ಭಾರೀ ಗೌರವ. ಇವರಲ್ಲಿ ಒಬ್ಬರೂ ದೇವರನ್ನು ನಂಬುವವರಲ್ಲ. ಆದರೆ ದೇವರ ಮುಂದೆ ತಾವು ಎಷ್ಟನೆಯವರು ಎಂಬ ಬಗ್ಗೆ ಎಲ್ಲರಿಗೂ ಬಲು ಕಾಳಜಿ. ಮೀನುಗಾರಿಕೆಯವರು ಹದಿನಾರರಿಂದ ಹದಿನೇಳಕ್ಕೆ ಇಳಿದರೆಂದು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ.

ನನ್ನ ಮೇಲಧಿಕಾರಿ ಮಾತ್ರ ಒಳ್ಳೆಯವರು. ದನಿ ಎತ್ತಿದ್ದನ್ನು ನಾನು ಕೇಳಿಲ್ಲ. "ಯಾರಿಗೂ ನೋವಾಗಬಾರದು" ಎನ್ನುವುದು ಅವರ ಮಾತು. ಯಾವ ಕಡತ ಬಂದರೂ ಯಾರಿಗೆ ನೋವಾಗುತ್ತದೆ ಎಂದು ಮೊದಲು ನೋಡುತ್ತಾರೆ, ನಿಜ ಯಾವುದು ಎಂದು ಆಮೇಲೆ. ಆ ಆಮೇಲೆ ಬರುವ ಮುಂಚೆ ಊಟದ ಹೊತ್ತಾಗಿರುತ್ತದೆ. ನಾವೆಲ್ಲ ಅವರನ್ನು ಮೆತ್ತನೆಯ ಸಾಹೇಬರು ಎನ್ನುತ್ತೇವೆ.

ನಾನು ಚರ್ಚಿಗೆ ಹೋಗಿ ಹನ್ನೆರಡು ವರ್ಷವಾಯಿತು. ನೀನು ಕೇಳುವ ಮೊದಲೇ ಹೇಳುತ್ತಿದ್ದೇನೆ. ಭಾನುವಾರ ಅಂಗಿ ಒಗೆಯುತ್ತೇನೆ.

ತಮ್ಮ


ಮಾರ್ಚ್ ೨೬

ತಮ್ಮಾ,

ನೀನು ಹೇಳಿದ ಮಾತು ಕೇಳಲಿಲ್ಲ. ಅದನ್ನು ನಾನೇ ಹೇಳಿಬಿಡುವುದು ವಾಸಿ. ಪೆನ್ಸಿಲಣ್ಣನ ಅಕ್ಷರ ದುಂಡಗಿದೆ, ನಿನಗೆ ಹೇಗೂ ತಿಳಿಯುತ್ತದೆ.

ನನಗೆ ಹೊಳೆದದ್ದು ಇಷ್ಟು. ಒಬ್ಬ ಮನುಷ್ಯನ ಹೆಸರು ಹೇಳಿ ದೇವರ ಮುಂದೆ ನಿಂತ ಮೇಲೆ ಅವನಿಗೆ ನಿಜವಾಗಿ ಬೇಕಾದದ್ದನ್ನು ಕೇಳಬೇಕಲ್ಲವೇ? ವಸತಿ ಸಚಿವರಿಗೆ ಐದು ಮನೆಗಳಿವೆ ಎಂದು ಪತ್ರಿಕೆಯಲ್ಲಿ ಬಂದಿತ್ತು. "ಕರ್ತನೇ, ಐದರಲ್ಲಿ ಒಂದರಲ್ಲಾದರೂ ಅವರಿಗೆ ನಿದ್ದೆ ಬರಲಿ" ಎಂದೆ. ಆರೋಗ್ಯ ಸಚಿವರಿಗೆ, ಅವರು ಕಟ್ಟಿಸಿದ ಆಸ್ಪತ್ರೆಯಲ್ಲೇ ಹಾಸಿಗೆ ಸಿಗಲಿ ಎಂದೆ. ಸತ್ಯಪ್ರಸಾರ ಸಚಿವರಿಗೆ, ಒಂದು ದಿನ ಬಾಯಿ ತಪ್ಪಿಯಾದರೂ ಸತ್ಯ ಹೊರಬರಲಿ ಎಂದೆ. ಎಲ್ಲ ಮೂವತ್ತೊಂದು ಜನಕ್ಕೂ ಒಂದೊಂದು ಬರೆದುಕೊಂಡು ಹೋಗಿದ್ದೆ.

ಎರಡು ವಾರದಲ್ಲಿ ಚರ್ಚು ತುಂಬಿತು. ಪಕ್ಕದ ಊರಿನವರು ಬಂದರು. ದೇವರ ಹೆಸರೆತ್ತಿದರೆ ರಸ್ತೆ ದಾಟುವ ಕ್ಷೌರದಂಗಡಿಯವನೂ ಬಂದು ಮುಂದಿನ ಬೆಂಚು ಹಿಡಿದ. ಕಿವಿ ಕೇಳದ ಎಂಟು ಜನ ಪಕ್ಕದವರನ್ನು ತಿವಿದು "ಏನಂದ್ಲು, ಏನಂದ್ಲು" ಎಂದು ಕೇಳತೊಡಗಿದರು. ಪಾದ್ರಿಗಳ ಮುಖ ಮಾತ್ರ ಹಳೆಯ ಮೇಣದಬತ್ತಿಯ ಬಣ್ಣಕ್ಕೆ ತಿರುಗಿತ್ತು.

ಹೋದ ಭಾನುವಾರ ಬೇಕರಿಯವನು ನನ್ನ ಜೊತೆ ಮನೆಯವರೆಗೆ ನಡೆದು ಬಂದ. ಬಾಗಿಲ ಹತ್ತಿರ ನಿಂತು ಟೋಪಿ ತಿರುಗಿಸುತ್ತಾ, "ಅಕ್ಕ, ಒಂದು ಮಾತು. ಸಚಿವರ ಪೈಪು ಕಾಗದದ ಮೇಲಿತ್ತು ಅಂತ ನಾವೆಲ್ಲ ನಕ್ಕಿದ್ದಾಯ್ತು. ನನ್ನ ಬ್ರೆಡ್ಡಿನ ತೂಕಾನೂ ಕಾಗದದ ಮೇಲೇ ಇರೋದು" ಎಂದ.

"ಎಷ್ಟು ದಿನದಿಂದ?"

"ಮಗಳ ಮದುವೆ ಆದಾಗಿನಿಂದ. ಅವಳಿಗೀಗ ಎರಡು ಮಕ್ಕಳು." ಟೋಪಿ ಹಾಕಿಕೊಂಡು, "ನನ್ನ ಹೆಸರು ಪಟ್ಟೀಲಿ ಇಲ್ವಲ್ಲ, ಅದಕ್ಕೆ ಹೇಳಿದೆ" ಎಂದು ಹೊರಟುಹೋದ.

ಅವನು ಹೋದ ಮೇಲೆ ಮಡಕೆಯಂತೆ ಕೂತುಬಿಟ್ಟೆ. ಆ ದಿನ ಸಭೆ ಆಮೆನ್ ಅಂದಾಗ ಅರ್ಧ ಜನ ನಗುತ್ತಿದ್ದರು. ನನಗೆ ಆ ನಗು ಇಷ್ಟವಾಗಿತ್ತು. ನಿಜ ಹೇಳುತ್ತೇನೆ, ಶನಿವಾರವೆಲ್ಲ ಕೂತು ಮಾತು ಮಸೆಯುತ್ತಿದ್ದೆ. ಆ ಮೂವತ್ತೊಂದು ಜನರಲ್ಲಿ ಒಬ್ಬರಾದರೂ ಒಳ್ಳೆಯವರಾಗಲಿ ಎಂದು ಒಂದು ಕ್ಷಣವೂ ಆಶಿಸಲಿಲ್ಲ. ಅವರು ಒಳ್ಳೆಯವರಾಗಿದ್ದರೆ ನನಗೆ ಮಾತೇ ಇರುತ್ತಿರಲಿಲ್ಲ. ದೇವರ ಬೆನ್ನ ಹಿಂದೆ ನಿಂತು ಜನರನ್ನು ನಗಿಸುತ್ತಿದ್ದೆ. ಪ್ರಾರ್ಥನೆ ಎಂದು ಅದಕ್ಕೆ ಹೆಸರು.

ಇನ್ನು ಮೇಲೆ ಹಾಗೆ ಓದುವುದಿಲ್ಲ. ಹೇಗೆ ಓದಬೇಕು ಎಂಬುದೂ ಗೊತ್ತಾಗುತ್ತಿಲ್ಲ.

ಅಕ್ಕ


ಏಪ್ರಿಲ್ ೧೭

ಅಕ್ಕ,

ನಿನ್ನ ಪಶ್ಚಾತ್ತಾಪ ಮೂರು ವಾರ ತಡವಾಯಿತು. ವರದಿ ಬಂದಿದೆ. ನಲವತ್ತೆರಡು ಪುಟ. ದುಂಡನೆಯ ಅಕ್ಷರ, ಒಂದು ಒತ್ತಕ್ಷರವೂ ತಪ್ಪಿಲ್ಲ. ಟೈಪಿಸ್ಟ್ ಅದನ್ನು ಗೋಡೆಯ ಕಡೆ ತಿರುಗಿ ಕೂತು ಓದಿದಳು, ಭುಜ ಅಲುಗುತ್ತಿತ್ತು. ಮೇಲಿನವರು ನಗಲಿಲ್ಲ. ಕಟ್ಟಡ ಅಪಾಯದಲ್ಲಿದೆ ಎಂದು ಕಾರಣ ಬರೆದು ನಿಮ್ಮ ಚರ್ಚಿಗೆ ಬೀಗ ಹಾಕಿ, ಓದಿದವರನ್ನು ವಿಚಾರಣೆಗೆ ಕರೆಯಬೇಕು ಎಂದು ಟಿಪ್ಪಣಿ ಬಂದಿದೆ. ಕಡತ ನನ್ನ ಮೇಜಿನ ಮೇಲಿದೆ.

ನಿನ್ನೆ ಮೆತ್ತನೆಯ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿಸಿದರು. "ಆಕೆ ನಿಮ್ಮ ಅಕ್ಕ ಅಂತ ನನಗೆ ಗೊತ್ತು. ಹೆದರಬೇಡಿ. ಯಾರಿಗೂ ನೋವಾಗದ ಹಾಗೆ ಒಂದು ದಾರಿ ಇದೆ" ಎಂದರು.

"ಏನು ಸಾರ್?"

"ಆಕೆಗೆ ವಯಸ್ಸಾಗಿದೆ. ಬುದ್ಧಿ ಸ್ತಿಮಿತದಲ್ಲಿಲ್ಲ. ಒಡಹುಟ್ಟಿದವನಾಗಿ ಇದನ್ನು ನಾನು ಬಲ್ಲೆ ಅಂತ ನೀವು ಒಂದು ಸಾಲು ಬರೆದು ಸಹಿ ಹಾಕಿ. ಚರ್ಚು ಉಳಿಯುತ್ತೆ, ಆಕೆ ಉಳೀತಾರೆ, ನೀವೂ ಉಳೀತೀರಿ. ಓದೋ ಕೆಲಸ ಬೇರೆ ಯಾರಾದರೂ ಮಾಡ್ತಾರೆ."

"ಆಕೆಯ ಬುದ್ಧಿ ನಮ್ಮಿಬ್ಬರಿಗಿಂತ ಚೆನ್ನಾಗಿದೆ ಸಾರ್."

"ಅದಿರಲಿ. ಯಾರಿಗೆ ನೋವಾಗುತ್ತೆ ಹೇಳಿ?"

ಅಕ್ಕ, ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಇಲ್ಲಿ ಇಂಥವು ದಿನಕ್ಕೆ ಹತ್ತು ಬರೆಯುತ್ತೇವೆ. ನೀನು ಒಪ್ಪಿದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಮೂರು ತಿಂಗಳು ಹುಚ್ಚಿಯಾಗಿದ್ದರೆ ಸಾಕು, ಆಮೇಲೆ ವಾಸಿಯಾಯಿತು ಎಂದು ನಾನೇ ಇನ್ನೊಂದು ಪ್ರಮಾಣಪತ್ರ ಬರೆಯುತ್ತೇನೆ. ಮೇ ಒಂದರೊಳಗೆ ಬರೆಯಬೇಕು. ಬೇಗ ಉತ್ತರ ಹಾಕು.

ತಮ್ಮ


ಏಪ್ರಿಲ್ ೨೪

ತಮ್ಮಾ,

ಮೂರು ದಿನ ಯೋಚಿಸಿದೆ. ನಗಬೇಡ, ಮನಸ್ಸು ಮೆತ್ತಗಾಗಿತ್ತು. ಹುಚ್ಚಿಗೆ ಅನುಕೂಲಗಳಿವೆ. ಪಕ್ಕದ ಮನೆಯವಳು ಹಾಡು ಕಲಿಯುವುದರ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡಬಹುದಿತ್ತು.

ಪಾದ್ರಿಗಳಿಗೆ ಕಾಗದ ತೋರಿಸಿದೆ. ಅವರು ಹೆದರುವ ಮನುಷ್ಯ, ನಿನಗೆ ಗೊತ್ತು. ಬಾಗಿಲು ಜೋರಾಗಿ ಹಾಕಿದರೆ ಕ್ಷಮೆ ಕೇಳುತ್ತಾರೆ. ಒಪ್ಪಿಕೊಳ್ಳಿ ಎನ್ನುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು, "ಅಕ್ಕ, ಬೀಗ ಹಾಕಿದರೆ ಬೇಕರಿಯ ಹಿಂದಿನ ಕೋಣೆ ಇದೆ. ಅಲ್ಲಿ ಬೆಚ್ಚಗೂ ಇರುತ್ತೆ" ಎಂದರು. ನಲವತ್ತು ವರ್ಷದಲ್ಲಿ ಅವರ ಬಾಯಿಂದ ಬಂದ ಅತಿ ಚಿಕ್ಕ ಪ್ರಸಂಗ.

ಹೀಗಾಗಿ ನನ್ನ ಒಪ್ಪಿಗೆ ಇಲ್ಲ. ಆದರೆ ನೀನು ಸಹಿ ಹಾಕಬೇಡ ಎಂದು ಹೇಳುವ ಯೋಗ್ಯತೆಯೂ ನನಗಿಲ್ಲ. ಏಕೆಂದು ಕೇಳು. ಇದನ್ನು ಯಾರಿಗೂ ಹೇಳಿಲ್ಲ.

ಎಕ್ಸ್‌ಚೇಂಜಿನಲ್ಲಿ ನಾನು ಜನರ ಮಾತು ಕದ್ದು ಕೇಳುತ್ತಿದ್ದೆ. ಎಲ್ಲರೂ ಕೇಳುತ್ತಿದ್ದರು, ನಾನು ಸ್ವಲ್ಪ ಹೆಚ್ಚು. ಹಿಟ್ಟು ಸಿಗದೆ ಊರೆಲ್ಲ ಸಾಲುಗಟ್ಟಿ ನಿಂತ ಆ ಚಳಿಗಾಲ ನೆನಪಿದೆಯಾ? ಉಗ್ರಾಣದ ಅಧಿಕಾರಿ ಊರಿನ ಹಿಟ್ಟನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸುವ ಮಾತನ್ನು ನಾನೇ ಲೈನು ಜೋಡಿಸಿ, ನಾನೇ ಕೇಳಿಸಿಕೊಂಡೆ. ಮೂರು ಸಲ. ಹೇಳಿದ್ದರೆ ಕದ್ದು ಕೇಳಿದ್ದಕ್ಕೆ ಕೆಲಸ ಹೋಗುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡೆ. ಅದೇ ಸಂಬಳದಲ್ಲಿ ನಿನ್ನ ಓದು ಮುಗಿಯಿತು. ಸಾಲಿನಲ್ಲಿ ನಿಂತಿದ್ದವರ ಜೊತೆ ಮರುದಿನ ನಾನೂ ನಿಂತು, ಈ ನಾಡು ಕೆಟ್ಟುಹೋಯಿತು ಎಂದು ಬೈದೆ. ಎಲ್ಲರಿಗಿಂತ ಜೋರಾಗಿ.

ನಾಡು ಕೆಟ್ಟಿದ್ದು ನನ್ನಿಂದ ಎನ್ನುವಷ್ಟು ದೊಡ್ಡವಳಲ್ಲ ನಾನು. ಆದರೆ ನನ್ನನ್ನು ಬಿಟ್ಟೂ ಕೆಡಲಿಲ್ಲ.

ಈಗ ಪಟ್ಟಿಯನ್ನು ಇದ್ದ ಹಾಗೆ ಓದುತ್ತಿದ್ದೇನೆ. ಕೊನೆಯಲ್ಲಿ, "ಇವರಲ್ಲಿ ಯಾವ ತಪ್ಪಿದೆಯೋ ಅದು ನಮ್ಮಲ್ಲೂ ಇದೆ, ಅವರನ್ನೂ ನಮ್ಮನ್ನೂ ತಿದ್ದು" ಎಂದು ಸೇರಿಸಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಮೊದಲ ವಾರ ಬೇಕರಿಯವನು ಎದ್ದು ನಿಂತ. ತೂಕದ ವಿಷಯ ಎಲ್ಲರ ಮುಂದೆ ಹೇಳಿಯೇಬಿಟ್ಟ. ಹಿಂದಿನ ಬೆಂಚಿನ ಮುದುಕಿ, "ಗೊತ್ತಿತ್ತು ಕಣಪ್ಪ, ಕೂತ್ಕೋ" ಎಂದಳು. ಕ್ಷೌರದಂಗಡಿಯವನು ಮಾತ್ರ ಮತ್ತೆ ಬಂದಿಲ್ಲ. ಮಜಾ ಹೋಯಿತಂತೆ.

ಕೈ ನಿನ್ನದು, ಪೆನ್ನು ನಿನ್ನದು. ನೀನು ಹೇಗೆ ಬರೆದರೂ ನಾನು ನಿನ್ನ ಅಕ್ಕನೇ. ಆದರೆ ಹುಚ್ಚಿಯಂತೆ ನಟಿಸು ಎಂದರೆ ಮಾತ್ರ ಆಗುವುದಿಲ್ಲ.

ಅಕ್ಕ


ಜೂನ್ ೩೦

ಅಕ್ಕನಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆದರೆ ನಿನ್ನ ಹೆಸರಿಗೂ ತೊಂದರೆ ಎಂದು ಹೆದರಿದ್ದೆ. ಈಗ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಏಪ್ರಿಲ್ ಮೂವತ್ತರ ಮಧ್ಯಾಹ್ನ ಕಡತ ತೆರೆದು, "ಬುದ್ಧಿ ಸ್ತಿಮಿತದಲ್ಲಿಲ್ಲ" ಎಂದು ಬರೆಯಲು ಕೂತೆ. "ಬುದ್ಧಿ" ಎಂಬವರೆಗೆ ಬರೆದೆ. ಆ ಒತ್ತಕ್ಷರ ಸರಿಯಾಗಿ ಬಂದಿತ್ತು. ಮುಂದಕ್ಕೆ ಕೈ ಹೋಗಲಿಲ್ಲ. ಆಮೇಲೆ ಹೀಗೆ ಬರೆದೆ, ನಕಲು ಇಟ್ಟುಕೊಂಡಿದ್ದೇನೆ:

"ಬುದ್ಧಿ ಸರಿಯಾಗಿದೆ. ಸದರಿ ಮಹಿಳೆ ನನ್ನ ಅಕ್ಕ; ಐವತ್ತೊಂದು ವರ್ಷದಿಂದ ಆಕೆಯ ಬುದ್ಧಿಯ ಪೆಟ್ಟು ತಿಂದು ಬಲ್ಲೆ. ಚರ್ಚಿನ ಕಟ್ಟಡವೂ ಗಟ್ಟಿಯಾಗಿದೆ. ತಪ್ಪು ಸುತ್ತೋಲೆಯದು, ಅದನ್ನು ಬರೆದವನು ನಾನು. ಜನ ದೇವರಲ್ಲಿ ಏನು ಕೇಳಬೇಕೆಂದು ಹೇಳುವ ಅಧಿಕಾರ ಈ ಇಲಾಖೆಗಿಲ್ಲ. ಸುತ್ತೋಲೆಯನ್ನು ಹಿಂಪಡೆಯಬಹುದು."

ಸಹಿ ಹಾಕಿ ಮೇಲಕ್ಕೆ ಕಳಿಸಿದೆ. ಎರಡು ಅಂಗಿ, ಒಂದು ಟವೆಲು, ಸೋಪು ಚೀಲಕ್ಕೆ ಹಾಕಿ ಮೇಜಿನ ಕೆಳಗಿಟ್ಟುಕೊಂಡೆ. ಯಾವ ಗಳಿಗೆಯಲ್ಲಿ ಬಂದು ಕರೆದೊಯ್ಯುತ್ತಾರೋ ಎಂದು ಒಂಬತ್ತು ದಿನ ಕಾದೆ. ಯಾರೂ ಬರಲಿಲ್ಲ.

ಏನಾಯಿತು ಗೊತ್ತಾ? ಯಾರೂ ಓದಲಿಲ್ಲ. ಕಡತ ಹನ್ನೊಂದು ಮೇಜು ಹತ್ತಿತು. ನಾನು ಏನು ಬರೆಯುತ್ತೇನೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ. ಮೆತ್ತನೆಯ ಸಾಹೇಬರು "ಒಪ್ಪಿದೆ" ಎಂದು ಬರೆದರು. ಮೇಲಿನವರು "ಮೇಲಿನಂತೆ" ಎಂದರು. ಅದರ ಮೇಲಿನವರು "ನೋಡಿದೆ" ಎಂದರು. ಸಚಿವರು ಕಾರಿನಲ್ಲಿ ಹೋಗುತ್ತಾ ಸಹಿ ಹಾಕಿದರು. ಇಡೀ ಸರಪಳಿಯಲ್ಲಿ ಓದಿದವಳು ನಮ್ಮ ಟೈಪಿಸ್ಟ್ ಒಬ್ಬಳೇ. ಅವಳು ಆದೇಶವನ್ನು ಟೈಪು ಮಾಡಿ, ಮೊಹರು ಹೊಡೆಸಿ, ದೇಶದ ಎಲ್ಲ ಪ್ರಾರ್ಥನಾ ಮಂದಿರಗಳಿಗೂ ಅಂಚೆಗೆ ಹಾಕಿ, ಊಟಕ್ಕೆ ಹೋದಳು.

ಯಾರೋ ಮೆಚ್ಚಿ ಫೋನು ಮಾಡಿದಾಗಲೇ ಮೆತ್ತನೆಯ ಸಾಹೇಬರಿಗೆ ಗೊತ್ತಾದದ್ದು. ನನ್ನನ್ನು ಕರೆದರು. ಬೈಯಲಿಲ್ಲ. "ಓದದೆ ಒಪ್ಪಿದೆ ಅಂತ ನಾನು ಹೇಳೋಕಾಗುತ್ತಾ? ಓದಿ ಒಪ್ಪಿದೆ ಅಂತ ಹೇಳೋಕಾಗುತ್ತಾ?" ಎಂದರು.

"ಎರಡೂ ಕಷ್ಟ ಸಾರ್."

"ಸಚಿವರಿಗೂ ಅದೇ ಕಷ್ಟ. ಆದ್ದರಿಂದ ಆದೇಶ ಹಾಗೇ ಇರುತ್ತೆ. ನೀವು ಇಲ್ಲಿರೋದಿಲ್ಲ."

ದೇಶದ ಇನ್ನೊಂದು ತುದಿಗೆ ವರ್ಗವಾಗಿದೆ. ಸರ್ಕಾರದ ಮುರಿದ ಮೇಜು ಕುರ್ಚಿಗಳ ಉಗ್ರಾಣ. ಬಂದ ಕುರ್ಚಿಯನ್ನು ಪರೀಕ್ಷಿಸಿ, ಮುರಿದಿದ್ದರೆ ಮುರಿದಿದೆ ಎಂದು ಬರೆಯುವುದು ನನ್ನ ಕೆಲಸ. ಈ ಸರ್ಕಾರದಲ್ಲಿ ಇಂಥ ಕೆಲಸ ಇದೊಂದೇ ಇದ್ದೀತು.

ಇನ್ನೊಂದು ಹೇಳಬೇಕು. ಅಮ್ಮ ತೀರಿಕೊಂಡಾಗ ರಜೆ ಸಿಗಲಿಲ್ಲ ಎಂದು ಬರೆದಿದ್ದೆ. ನಾನು ರಜೆ ಕೇಳಿಯೇ ಇರಲಿಲ್ಲ. ಆ ವಾರ ಸಚಿವರ ಪ್ರವಾಸ ಇತ್ತು. ಕೇಳಿದರೆ ಮುಖ ಸಿಂಡರಿಸುತ್ತಾರೆ ಎಂದು ಹೆದರಿದೆ. ಮುಖಕ್ಕೆ ಹೆದರಿದೆ ಅಕ್ಕ, ಬೇರೆ ಯಾವುದಕ್ಕೂ ಅಲ್ಲ.

ತಮ್ಮ


ಜುಲೈ ೧೪

ತಮ್ಮಾ,

ರಜೆಯ ವಿಷಯ ನನಗೆ ಗೊತ್ತಿತ್ತು. ಮಣ್ಣಾದ ಮರುವಾರ ನಿನ್ನ ಕಚೇರಿಗೆ ಫೋನು ಮಾಡಿ, ರಜೆ ಕೊಡದವರು ಯಾರು, ಅವರಿಗೆ ನಾಲ್ಕು ಮಾತು ಹೇಳಬೇಕು ಎಂದೆ. ಅರ್ಜಿಯೇ ಬಂದಿಲ್ಲ ಎಂದಳು ಒಬ್ಬ ಹುಡುಗಿ. ನಾಲ್ಕು ವರ್ಷದಿಂದ ನೀನಾಗಿ ಹೇಳಲಿ ಎಂದು ಕಾಯುತ್ತಿದ್ದೆ. ಮೊಣಕಾಲಿಗಿಂತ ಅದೇ ಹೆಚ್ಚು ನೋಯುತ್ತಿತ್ತು. ಈಗ ಹೇಳಿದೆ. ಆಯಿತು. ಸಿಹಿಯಾಗಿ ಬರೆಯಲು ನನಗೆ ಬರುವುದಿಲ್ಲ. ಕಡಿಮೆ ಬಿದ್ದರೆ ನೀನೇ ಸ್ವಲ್ಪ ಸಕ್ಕರೆ ಸೇರಿಸಿ ಓದಿಕೊ.

ಸುತ್ತೋಲೆ ಹಿಂಪಡೆದ ಆದೇಶ ಇಲ್ಲಿಗೂ ಬಂತು. ಪಾದ್ರಿಗಳು ನಾಲ್ಕು ಸಲ ಓದಿದರು. ಮರುವಾರವೇ ಬೇರೆ ಯಾವುದೋ ಇಲಾಖೆಯಿಂದ ರಾಷ್ಟ್ರನಾಯಕರ ಚಿತ್ರವನ್ನು ಗೋಡೆಗೆ ಹಾಕಬೇಕು, ಎತ್ತರ ಇಷ್ಟು ಅಗಲ ಇಷ್ಟು ಎಂದು ಹೊಸದು ಬಂದಿದೆ. ಯಾವ ಗೋಡೆ ಎಂದು ಬರೆದಿಲ್ಲ. ಪಾದ್ರಿಗಳು ಕೇಳಿ ಬರೆದಿದ್ದಾರೆ. ಉತ್ತರ ಬರುವವರೆಗೆ ನಮಗೆ ಬಿಡುವು.

ನಾಡು ರಿಪೇರಿಯಾಯಿತು ಎಂದು ನಾನು ಹೇಳುತ್ತಿಲ್ಲ. ನೀರಿನ ಸಚಿವರು ಬಿಡುಗಡೆಯಾಗಿ ಈಗ ಸೆರೆಮನೆಗಳ ಸಚಿವರಾಗಿದ್ದಾರೆ. ಅನುಭವಸ್ಥರು. ನಮ್ಮ ಬ್ರೆಡ್ಡು ಮಾತ್ರ ಭಾರವಾಗಿದೆ.

ಪೆನ್ಸಿಲಣ್ಣನನ್ನು ಕಚೇರಿಯವರು ಕಳಿಸುವುದು ನಿಲ್ಲಿಸಿದರು. ಆದರೂ ಹೋದ ಭಾನುವಾರ ಬಂದ, ನೋಟ್‌ಬುಕ್ಕಿಲ್ಲದೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಮುದುಕಿ ಅವನ ಕೈಗೆ ತನ್ನ ಚೀಲ ಕೊಟ್ಟು ಹಿಡಿದುಕೊ ಎಂದಳು.

ಅಲ್ಲಿ ಚರ್ಚು ಇದೆಯಾ? ಅಂಗಿ ಶನಿವಾರ ಒಗೆ.

ಅಕ್ಕ


ಆಗಸ್ಟ್ ೧೯

ಅಕ್ಕನಿಗೆ,

ಇದೆ. ಉಗ್ರಾಣದ ಹಿಂದೆ, ಹಡಗು ರಿಪೇರಿ ಮಾಡುವವರ ಬೀದಿಯಲ್ಲಿ. ಇಪ್ಪತ್ತು ಜನ ಬರುತ್ತಾರೆ. ಕುರ್ಚಿಗಳೆಲ್ಲ ನಮ್ಮ ಉಗ್ರಾಣದಿಂದ ಹೋದವೇ. ನಾನು ಕೂತದ್ದರ ಕಾಲಿಗೆ "ಮುರಿದಿದೆ" ಎಂಬ ಚೀಟಿ ಇನ್ನೂ ಅಂಟಿತ್ತು. ಜಾಗರೂಕತೆಯಿಂದ ಕೂತೆ.

ಅಲ್ಲಿ ಪ್ರಾರ್ಥನೆ ಓದುವವನು ಬೆಸುಗೆ ಕೆಲಸದವನು. "ನಿಮಗೆ ಕೇಡು ಮಾಡಿದವರನ್ನು ನೆನೆದು ನಿಮ್ಮ ನಿಮ್ಮಲ್ಲೇ ಬೇಡಿಕೊಳ್ಳಿ" ಎಂದ. ನನಗೆ ಮೆತ್ತನೆಯ ಸಾಹೇಬರು ನೆನಪಾದರು. ಹನ್ನೆರಡು ವರ್ಷದ ಮೇಲೆ ಮೊದಲ ಪ್ರಾರ್ಥನೆ. ಅವರ ಹುದ್ದೆ ಪೂರ್ತಿ ಹೇಳುವಷ್ಟರಲ್ಲಿ ಅರ್ಧ ಹೊತ್ತು ಕಳೆಯಿತು. ಮುಂದೆ ಏನು ಕೇಳುವುದು? ಅವರ ಕುರ್ಚಿ ಮುರಿದು ನನ್ನ ಉಗ್ರಾಣಕ್ಕೇ ಬರಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು.

ಆಗ ನೆನಪಾಯಿತು. ವರ್ಗದ ಆದೇಶ ಕೊಟ್ಟ ದಿನ ಅವರು ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು. ದವಡೆಯ ಹಲ್ಲು ಹುಳುಕಾಗಿದೆ, ಕೀಳಿಸಲು ಹೆದರಿಕೆ. ಯಾರಿಗೂ ನೋವಾಗಬಾರದು ಎನ್ನುವ ಮನುಷ್ಯನಿಗೆ ಹಗಲೂ ರಾತ್ರಿ ನೋವು. ಹಾಗಾಗಿ, "ಕರ್ತನೇ, ಅವರ ಹಲ್ಲುನೋವು ವಾಸಿಮಾಡು" ಎಂದೆ. "ಪೂರ್ತಿ" ಎನ್ನಲು ಮನಸ್ಸು ಬರಲಿಲ್ಲ. "ಸ್ವಲ್ಪ" ಎಂದೆ.

ಅಷ್ಟೇ ಆದದ್ದು. ಇದು ಪ್ರಾರ್ಥನೆಯಾಯಿತಾ ಅಕ್ಕ? ನಿಜವಾಗಿ ಕೇಳುತ್ತಿದ್ದೇನೆ.

ತಮ್ಮ


ಆಗಸ್ಟ್ ೨೭

ತಮ್ಮಾ,

ಆಯಿತು. ನಾನು ಮೂವತ್ತೊಂದು ಜನಕ್ಕೆ ಮಾಡಿದ್ದಕ್ಕಿಂತ ಚೆನ್ನಾಗಿಯೇ ಆಯಿತು. ಮುಂದಿನ ವಾರ "ಇನ್ನೂ ಸ್ವಲ್ಪ" ಎಂದು ಕೇಳು. ಒಮ್ಮೆಗೇ ಪೂರ್ತಿ ಕೇಳಿದರೆ ನಿನಗೇ ಜೀರ್ಣವಾಗುವುದಿಲ್ಲ.

ಮುಂದಿನ ಬುಧವಾರದ ರೈಲಿಗೆ ಹೊರಟು ಬರುತ್ತಿದ್ದೇನೆ. ಪಾದ್ರಿಗಳು ಟಿಕೆಟ್ ತೆಗೆಸಿಕೊಟ್ಟಿದ್ದಾರೆ. ಅವರಿಗೂ ಒಂದು ಭಾನುವಾರ ನೆಮ್ಮದಿ ಬೇಕಂತೆ. ನೀನು ರಜೆ ಹಾಕಬೇಡ, ಸಂಜೆ ಬಂದರೆ ಸಾಕು. ನಿನ್ನ ಉಗ್ರಾಣದಲ್ಲಿ ಮುರಿಯದ ಕುರ್ಚಿ ಒಂದಿದ್ದರೆ ಮನೆಗೆ ತಂದಿಡು, ನೆಲದ ಮೇಲೆ ಕೂತರೆ ನನಗೆ ಏಳಲಾಗುವುದಿಲ್ಲ.

ಎರಡು ದಿನ ಇರುತ್ತೇನೆ. ಜಗಳವಾದರೆ ಮೂರು ದಿನ. ಅರ್ಧಕ್ಕೆ ಬಿಟ್ಟು ಬರುವ ಅಭ್ಯಾಸ ನನಗಿಲ್ಲ.

ಅಕ್ಕ